ಸುಮ್ಮನೆ ಕೂತ ಬೋಲ್ಟು

"ಇದರ ಜೀವ ಎಲ್ಲಿ ಹೋತು?"

ಗುಡ್ಡವ್ವ ಕೇಳಿದ್ದು ಯಾರನ್ನೂ ಅಲ್ಲ. ಎರಡೂವರೆ ಎಕರೆ ಮೆಣಸಿನಕಾಯಿ ಹೊಲದ ನಡುವೆ ಅವಳೊಬ್ಬಳು, ಅವಳ ಮುಂದೆ ಸಾಲಿನ ನಡುವಿನ ಕಸ ಕೀಳುತ್ತ ಎಡೆ ಹೊಡೆಯುವ ಕೆಂಪು ಮಷೀನು, ಎಂಟು ದಿನದ ಜಿಟಿಜಿಟಿ ಮಳೆ ಮುಗಿದು ಅಂದೇ ಕಣ್ಣು ಬಿಟ್ಟ ಬಿಸಿಲು. ಚಾವಿ ತಿರುವಿದಳು. ಟಕ್ ಎಂದಿತು. ಮತ್ತೆ ತಿರುವಿದಳು. ಮತ್ತೆ ಟಕ್. ಕದ ಬಡಿದವರಿಗೆ ಒಳಗಿನಿಂದ ಯಾರೋ ಬಂದು ಅಗುಳಿ ಮುಟ್ಟಿ, ತೆಗೆಯದೆ ಹೊರಳಿ ಹೋದಂತಿತ್ತು ಆ ಸದ್ದು.

ಅವಳಿಗೆ ಐವತ್ತಾರು ವರ್ಷ. ಕದರಮಂಡಲಗಿಯಿಂದ ಬ್ಯಾಡಗಿಗೆ ಹೋಗುವ ದಾರಿಯ ಮಗ್ಗುಲಲ್ಲೇ ಹೊಲ. ಗಂಡ ಮೈಲೇಶ ತೀರಿಕೊಂಡ ವರ್ಷ ಎತ್ತು ಮಾರಿದ್ದಾಯಿತು. ಮರುವರ್ಷ ಬಾವಿಯ ಪಾವಟಿಗೆಯಲ್ಲಿ ಜಾರಿ ಬಿದ್ದು ಬಲ ಹೆಗಲು ಹಿಡಿದುಕೊಂಡಿತು. ಕೈ ಎದೆಮಟ್ಟ ಬರುತ್ತದೆ, ಅದರಾಚೆ ಏಳದು. ಮಷೀನಿನ ಹಿಡಿಕೆ ಹಿಡಿದು ದಿನವಿಡೀ ಸಾಲಿನೊಳಗೆ ನಡೆದಾಳು, ಆದರೆ ಹಗ್ಗ ಜಗ್ಗಿ ಎಂಜಿನ್ ಎಬ್ಬಿಸುವ ಕಸುವು ಆ ಹೆಗಲಿಗಿಲ್ಲ. ಅದಕ್ಕೆಂದೇ ಮಗಳು ಗಂಗಾ ಎರಡು ವರ್ಷದ ಹಿಂದೆ ರಾಣೆಬೆನ್ನೂರಿನ ಅಂಗಡಿಗಳನ್ನೆಲ್ಲ ಸುತ್ತಿ, ಹಗ್ಗದ ಜೊತೆ ಸೆಲ್ಫ್ ಕೂಡ ಇರುವ ಮಷೀನನ್ನೇ ಹುಡುಕಿ ತಂದುಕೊಟ್ಟಿದ್ದಳು. ಚಾವಿ ತಿರುವಿದರೆ ಸಾಕು, ಅಂಗೈಯಷ್ಟು ಉದ್ದದ ಸಣ್ಣ ಮೋಟರು ಆ ದೊಡ್ಡ ಎಂಜಿನ್ನನ್ನು ಭುಜ ಹಿಡಿದು ಅಲುಗಿಸಿ ಎಬ್ಬಿಸುತ್ತಿತ್ತು. ಸಣ್ಣವರು ದೊಡ್ಡವರನ್ನು ಹೀಗೆ ಎಬ್ಬಿಸುವುದು ಗುಡ್ಡವ್ವನಿಗೆ ಮೊದಲ ದಿನದಿಂದಲೂ ಸೋಜಿಗ.

ಈಗ ಅದು ಏಳುತ್ತಿಲ್ಲ. ಅದು ಏಳದಿದ್ದರೆ ಹೊಲ ಉಳಿಯುವುದಿಲ್ಲ.

ಬದಿಯ ಹೊಲ ಮೈದುನ ಮಾಲತೇಶಪ್ಪನದು. ಬೀಜದ ಕಂಪನಿಯೊಂದಕ್ಕೆ ಸೌತೆಬೀಜದ ಪ್ಲಾಟು ಮಾಡಲು ಒಂದೇ ತುಂಡಿನ ಐದು ಎಕರೆ ಬೇಕಾಗಿತ್ತು. ಅವನದು ಎರಡೂವರೆ, ಅತ್ತಿಗೆಯದು ಎರಡೂವರೆ. ಕಾರಹುಣ್ಣಿಮೆಯ ದಿನ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು ಅವನು ಕೇಳಿದಾಗ ಗುಡ್ಡವ್ವ, "ಈ ಹಂಗಾಮು ನನ್ನ ಕೈಯಾಗ ಇರಲಿ. ನನ್ನ ಹೊಲಾ ಕಸಕ್ಕ ಬಿಟ್ಟುಕೊಟ್ಟೆ ಅಂದ್ರ ನೀ ಕೇಳೂದ ಬ್ಯಾಡ, ತಗೊಂಡ ಬಿಡು" ಅಂದಿದ್ದಳು. ಆಡಿದ ಮಾತು ತಿರುಗಿಸುವ ಮನೆತನ ಅವಳದಲ್ಲ. ಹೊಲ ಕೊಟ್ಟರೆ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಬಿತ್ತುವುದು ಯಾವಾಗ, ಹರಗುವುದು ಯಾವಾಗ ಎಂದು ಅವಳನ್ನು ಕೇಳುವವರು ಇರುತ್ತಿರಲಿಲ್ಲ. ತನ್ನ ಹೊಲದಲ್ಲೇ ಬಲೆಯ ಮನೆಯೊಳಗೆ ನಿಂತು, ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗಿನ ಆಳಾಗಬೇಕಿತ್ತು.

ಮಾಲತೇಶಪ್ಪ ಕೆಟ್ಟವನಲ್ಲ. ತೊಡಕು ಇದ್ದದ್ದೇ ಅಲ್ಲಿ. ಮಷೀನು ಕೆಟ್ಟ ದಿನವೇ ಬ್ಯಾಟರಿ ಬಿಚ್ಚಿ ರಾಣೆಬೆನ್ನೂರಿಗೆ ಒಯ್ದವನು ಅವನೇ. ಅಂಗಡಿಯವರು ಬ್ಯಾಟರಿ ಸತ್ತಿದೆ ಎಂದರು, ಹೊಸದು ತಂದು ಕೂಡಿಸಿದ. ಟಕ್. ಫೋನಿನಲ್ಲಿ ಕೇಳಿದರೆ, ಹಾಗಾದರೆ ಮೋಟರೇ ಹೋಗಿದೆ, ಹುಬ್ಬಳ್ಳಿಯಿಂದ ಬರಬೇಕು, ಎಂಟು ದಿನ ಎಂದರು. ಎಂಟು ದಿನದಲ್ಲಿ ಜೇಕು, ಕರಕಿಯ ಕಸ ಸೇರಿ ಗೇಣುದ್ದದ ಮೆಣಸಿನ ಗಿಡವನ್ನು ಹೂತುಬಿಡುತ್ತವೆ. ಹೆಣ್ಣಾಳು ಕರೆಯೋಣವೆಂದರೆ ಊರ ಹೆಂಗಸರೆಲ್ಲ ಕ್ರಾಸಿಂಗಿಗೆ ಹೋಗಿದ್ದರು. ಮಾಲತೇಶಪ್ಪ ಬಂದು ಹಗ್ಗ ಜಗ್ಗಿಯೂ ಕೊಟ್ಟ. ಎಂಜಿನ್ ಎದ್ದಿತು. ನಾಲ್ಕನೇ ಸಾಲಿನ ಕೊನೆಯಲ್ಲಿ ಹಸಿ ಮಣ್ಣು ಅಲಗುಗಳಿಗೆ ಸುತ್ತಿ ಬಂದ್ ಆಯಿತು. ಅಷ್ಟರಲ್ಲಿ ಅವನು ಬೈಕು ಹತ್ತಿ ಹೋಗಿಯಾಗಿತ್ತು. ಅವನು ಸಂಜೆ ಮೇವು ತರಲು ಬರುವವರೆಗೆ ಗುಡ್ಡವ್ವ ಬದುವಿನ ಮೇಲೆ ಕೂತಿದ್ದಳು. ಎದ್ದ ಮಷೀನನ್ನು ಯಾರಾದರೂ ನಡೆಸಿಯಾರು. ಮಲಗಿದ್ದನ್ನು ಎಬ್ಬಿಸಲು ಪ್ರತಿಸಲ ಇನ್ನೊಬ್ಬರ ರಟ್ಟೆ ಬೇಕೆಂದರೆ ಅದು ಅವರ ಹೊಲವೇ ಆದಂತೆ.

ಮರುದಿನ ಮೊದಲ ಬಸ್ಸಿಗೆ ಗುಡ್ಡವ್ವ ಬ್ಯಾಡಗಿಗೆ ಹೋದಳು.

ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಯೂಸುಫಸಾಬನ ಮೋಟರ್ ವೈಂಡಿಂಗ್ ಅಂಗಡಿ. ಆ ಓಣಿಯಲ್ಲಿ ಹೊಸಬರು ಸೀನದೆ ದಾಟಿದ್ದಿಲ್ಲ. ಯೂಸುಫಸಾಬನಿಗೆ ಎಪ್ಪತ್ತು ದಾಟಿತ್ತು. ಗುಡ್ಡವ್ವನ ಅಪ್ಪ ತಿರಕಪ್ಪ ಬಾವಿಯ ಮೋಟರು ಸುಟ್ಟಾಗಲೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಇವನ ಬಳಿಗೇ ಬರುತ್ತಿದ್ದ.

"ಏನ ಕೆಟ್ಟೈತವಾ?" ಸೆಲ್ಫಿನ ಮಷೀನು ಏಳುತ್ತಿಲ್ಲ ಎಂದು ಅವಳು ಹೇಳಿದಾಗ ಅವನು ತಾಮ್ರದ ತಂತಿ ಸುತ್ತುತ್ತಲೇ ಕೇಳಿದ. "ಬ್ಯಾಟರಿನೋ, ಮೋಟರೋ?"

"ಅದೆಲ್ಲಾ ನನಗ ತಿಳಿಯೂದಿಲ್ರಿ ಯೂಸುಫಣ್ಣಾ. ಸದ್ದು ಕೆಟ್ಟೈತಿ."

ತಂತಿ ಸುತ್ತುವ ಕೈ ನಿಂತಿತು. "ಹೆಂಗ ಕೆಟ್ಟೈತಿ?"

"ಮೊದಲ ಒಂದ ಉಸಿರಿನಾಗ ಎದ್ದ ಬಿಡತಿತ್ರಿ. ಗ್ರ್ರ್ ಅಂತ ತಡವಿಲ್ಲದಂಗ. ಯುಗಾದಿ ಆದಮ್ಯಾಲೆ ಏರು ಹತ್ತೋ ಮುದಕನ ಗತಿ ಆತು. ಎಳೀತಿತ್ತು, ನಿಂದರತಿತ್ತು, ಮತ್ತ ಎಳೀತಿತ್ತು. ಒಂದೊಂದ ಅಮಾಸಿ ದಾಟಿದಂಗ ಒಂದೊಂದ ಹೆಜ್ಜಿ ಕಡಿಮಿ ಆಕ್ಕೋತ ಬಂತು. ಮೊನ್ನಿ ಅಮಾಸಿ ಮರುದಿವಸದಿಂದ ಬರೇ ಟಕ್."

"ಒಂದ ಟಕ್ಕೋ, ಟಕಟಕಾನೋ?"

"ಒಂದ. ಆದ್ರ ಅದರ ಬೆನ್ನಿಗೆ ಇನ್ನೊಂದು ಸಣ್ಣದು. ಮುಟ್ಟಿ ಕೈಬಿಟ್ಟಂಗ."

ಯೂಸುಫಸಾಬ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಐವತ್ತು ವರ್ಷದ ಕಸುಬಿನಲ್ಲಿ ಬಂದವರೆಲ್ಲ ರೋಗದ ಹೆಸರು ತಾವೇ ಹೇಳುತ್ತಿದ್ದರು. ಸದ್ದು ಹೀಗೆ ಒಪ್ಪಿಸಿದವರು ಯಾರೂ ಇರಲಿಲ್ಲ.

ಗುಡ್ಡವ್ವನಿಗೆ ಓದು ಬಾರದು. ಆದರೆ ಸಣ್ಣವಳಿದ್ದಾಗ ಶ್ರಾವಣದ ಸಂಜೆಗಳಲ್ಲಿ ಗುಡಿಯ ಕಂಬಕ್ಕೆ ಒರಗಿ ಪುರಾಣ ಕೇಳಿ ಬೆಳೆದವಳು. ಒಬ್ಬರು ಪದ್ಯ ಓದುವರು, ಇನ್ನೊಬ್ಬರು ಅರ್ಥ ಬಿಡಿಸುವರು. ಅರ್ಥ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಓದುವವರು ಒಂದು ಪದ ಹಾರಿಸಿದರೆ ಮಾತ್ರ, ಹುಡುಗಿ ಕತ್ತಲಲ್ಲಿ ತಲೆ ಎತ್ತುತ್ತಿದ್ದಳು. "ತಿರಕಪ್ಪನ ಮಗಳು ತಲಿ ಎತ್ತಿದ್ಲು, ಹಿಂದ ಹೋಗ್ರಿ" ಎಂದು ಹಿರಿಯರು ನಗುತ್ತಿದ್ದರು.

"ಅಂಗಡಿ ಮುಚ್ಚತೇನಿ. ಬಾ," ಅಂದ ಯೂಸುಫಸಾಬ. "ಗಾಡಿ ಹಿಂದ ಕುಂದ್ರು. ಈ ಡಬ್ಬಿ ತೊಡಿ ಮ್ಯಾಲೆ ಹಿಡಕೋ. ಬಿಟ್ಟೀಯಂದ್ರ ಪಾನಾ ಎಲ್ಲಾ ರಸ್ತಾದ ಪಾಲು."

ಹಳೆಯ ಮೊಪೆಡ್ಡು ಕೆಮ್ಮುತ್ತ ಹೊಲದ ದಾರಿಗೆ ತಿರುಗಿದಾಗ ಮಾಲತೇಶಪ್ಪ ಬೇಲಿಯ ಬಳಿ ನಿಂತಿದ್ದ.

"ಅತ್ತಿಗೀ, ಡಾಕ್ಟರನ್ನ ಹೊತ್ತಗೊಂಡ ಬಂದ್ರೇನು?"

"ಹೊತ್ತಗೊಂಡ ಬಂದವರು ಅವರು. ನಾ ಡಬ್ಬಿ ಹಿಡಕೊಂಡೇನಿ."

"ಹುಬ್ಬಳ್ಳಿಯಿಂದ ಮೋಟರ ಬರತೈತಿ ಅಂದ್ರೂ ಕೇಳವಲ್ರಿ ನೀವು." ಅವನು ಯೂಸುಫಸಾಬನಿಗೆ ಕೈಮುಗಿದ. ಆಮೇಲೆ ದನಿ ತಗ್ಗಿಸಿ, "ನಾಳಿ ಹತ್ತಕ್ಕ ಕಂಪನಿಯವರು ಅಳತಿಗೆ ಬರ್ತಾರ. ಹೊಲದಾಗ ಹಸರ ನೋಡಿದ್ರ ಅವರೇ ಹೇಳ್ತಾರ, ಮೆಣಸಿನಕಾಯಿ ಎಲ್ಲೈತಿ ಅಂತ. ನನಗೂ ಬ್ಯಾಸರ, ನಿಮಗೂ ಬ್ಯಾಸರ."

ಗುಡ್ಡವ್ವ ಡಬ್ಬಿ ಎತ್ತಿಕೊಂಡು ಮಷೀನಿನ ಕಡೆ ನಡೆದಳು. ಅವನು ತನ್ನ ಹೊಲಕ್ಕೆ ಹೋದ.

ಯೂಸುಫಸಾಬ ಮಷೀನಿನ ಮುಂದೆ ಗೋಣಿಚೀಲ ಹಾಸಿ ಕೂತ. ಮುಟ್ಟುವ ಮೊದಲು ತುಟಿಯಲ್ಲೇ ಬಿಸ್ಮಿಲ್ಲಾ ಅಂದದ್ದು ಅವಳ ಕಿವಿಗೆ ಬಿತ್ತು. ಕೆಲಸಕ್ಕೆ ಕೈ ಹಚ್ಚುವ ಮೊದಲು ದೇವರ ಹೆಸರು ಹಿಡಿಯುವ ಮನುಷ್ಯ. ಅವಳಿಗೆ ಅರ್ಧ ಧೈರ್ಯ ಬಂತು.

ಗೇರು ತಪ್ಪಿಸಿ, ಹಗ್ಗವನ್ನು ಮೆಲ್ಲಗೆ ಎಳೆದ. ಒಳಗೆ ಎಂಜಿನ್ ಮೆತ್ತಗೆ ಹೊರಳಿತು. "ಬಿಗದಿಲ್ಲ. ಇದರ ತಪ್ಪಲ್ಲ," ಅಂದ. ಆಮೇಲೆ ಡಬ್ಬಿಯಿಂದ ಒಂದು ಪುಟ್ಟ ಬಲ್ಬು ತೆಗೆದ. ಯಾವುದೋ ಹಳೆಯ ಸ್ಕೂಟರಿನದು. ಅದಕ್ಕೆ ಎರಡು ವೈರು, ತುದಿಗೆ ಎರಡು ಕ್ಲಿಪ್ಪು.

"ಮೀಟರ್ ಇಲ್ಲೇನ್ರಿ? ರಾಣೆಬೆನ್ನೂರಾಗ ಅಂಕಿ ಬರೋದು ಇಟ್ಟಿದ್ರಂತ."

"ಐತಿ, ಮನ್ಯಾಗ. ಮೊಮ್ಮಗ ತಂದಾನ. ಅಂಕಿ ನನಗ ಮಾತಾಡೂದಿಲ್ಲವಾ. ದೀಪ ಮಾತಾಡತೈತಿ."

ಎರಡು ಕ್ಲಿಪ್ಪನ್ನೂ ಬ್ಯಾಟರಿಯ ಎರಡು ತಲೆಗೆ ಕಚ್ಚಿಸಿದ. ಬಿಸಿಲಿನಲ್ಲಿ ಬಲ್ಬು ಹತ್ತಿದ್ದೇ ಕಾಣಲಿಲ್ಲ. ಗುಡ್ಡವ್ವ ಬಗ್ಗಿ ಸೆರಗು ಅಡ್ಡ ಹಿಡಿದಳು. ಸೆರಗಿನ ನೆರಳಿನೊಳಗೆ ಅದು ಮಾಡದಲ್ಲಿಟ್ಟ ಹಣತೆಯ ಹಾಗೆ ಬೆಳಗುತ್ತಿತ್ತು.

"ಈಗ ಚಾವಿ ತಿರುವು. ಕಣ್ಣು ದೀಪದ ಮ್ಯಾಲಿರಲಿ."

ಟಕ್. ದೀಪ ಅಲುಗಲಿಲ್ಲ.

"ಕುಗ್ಗಿತೇನು?"

"ಇಲ್ರಿ. ಇದ್ದಂಗ ಐತಿ."

"ಕುಗ್ಗಬೇಕಿತ್ತು. ಏರಿಗೆ ಬಂಡಿ ಜಗ್ಗೋ ಎತ್ತು ಮೋರಿ ಕೆಳಗ ಹಾಕೇ ಹಾಕತೈತಿ. ಇದು ಹಾಕಲಿಲ್ಲ. ಅಂದ್ರ ಬ್ಯಾಟರಿ ಸತ್ತಿಲ್ಲ, ಅದಕ್ಕ ದುಡಿಯಾಕ ಯಾರೂ ಬಿಟ್ಟೇ ಇಲ್ಲ. ಹಳೇ ಬ್ಯಾಟರಿನೂ ಸತ್ತಿರಲಿಕ್ಕಿಲ್ಲ."

ಸಾಯದ್ದನ್ನು ಸತ್ತಿತೆಂದು ಬಿಸಾಡಿಬಿಟ್ಟೆವಲ್ಲ ಎಂದುಕೊಂಡಳು ಗುಡ್ಡವ್ವ. ಯೂಸುಫಸಾಬ ಮುಂದೆ ಹೋದ. ಟಕ್ ಎನ್ನುವ ಸ್ವಿಚ್ಚಿನ ಪುಟ್ಟ ಡಬ್ಬಿ ಮೋಟರಿನ ಬೆನ್ನಿಗೆ ಕೂತಿತ್ತು. ಅದರ ಎರಡು ದಪ್ಪ ತಲೆಗಳಿಗೆ ಇಕ್ಕಳ ಅಡ್ಡ ಇಟ್ಟು, ಚಾವಿಯನ್ನೂ ಡಬ್ಬಿಯನ್ನೂ ದಾಟಿ ಸೀದಾ ಮೋಟರಿಗೇ ಕರೆಂಟು ಕೊಡುತ್ತೇನೆ, ಹಿಂದೆ ಸರಿ ಅಂದ. ದೊಡ್ಡ ಕಿಡಿ ಹಾರಬೇಕಿತ್ತು. ಇರುವೆಯಷ್ಟು ಕಿಡಿ ಹಾರಿತು. ಮೋಟರು ಗಪ್ಪಗಿತ್ತು.

"ಹಂಗಾರ ಮೋಟರ ಸುಟ್ಟೈತೇನ್ರಿ?" ಅವಳ ದನಿ ಸಣ್ಣದಾಯಿತು. ಎಂಟು ದಿನ.

ಅವನು ಮೋಟರಿನ ಹತ್ತಿರ ಮೂಗು ಒಯ್ದು ನಿಧಾನ ಉಸಿರೆಳೆದ. "ಸುಟ್ಟ ಮೋಟರಿನ ವಾಸನಿ ಐವತ್ತ ವರ್ಷ ಕುಡದೇನಿ. ನನ್ನ ಹೇಣ್ತಿ ಮುಮ್ತಾಜಬಿ ಅಂತಿರ್ತಾಳ, ನಿಮ್ಮ ಅಂಗಿ ಒಗದ್ರೂ ಹೋಗೂದಿಲ್ಲ ಅಂತ. ಇದಕ್ಕ ಆ ವಾಸನಿ ಇಲ್ಲವಾ. ಇದು ಚೊಲೋ ಐತಿ."

"ಬ್ಯಾಟರಿ ಚೊಲೋ, ಡಬ್ಬಿ ಚೊಲೋ, ಮೋಟರ ಚೊಲೋ. ಎಲ್ಲಾ ಚೊಲೋ ಇದ್ದು ಮಷೀನ ಏಳವಲ್ದು ಅಂದ್ರ?"

ಯೂಸುಫಸಾಬ ಬೀಡಿ ತೆಗೆದ, ಹಚ್ಚಲಿಲ್ಲ, ಕಿವಿಗೆ ಸಿಗಿಸಿಕೊಂಡ. ಬ್ಯಾಟರಿಯಿಂದ ಮೋಟರಿನವರೆಗೆ ಕೆಂಪು ತಂತಿಯ ಮೇಲೆ ಬೆರಳಾಡಿಸಿದ.

"ಹೋಗೂ ದಾರಿ ಅಷ್ಟ ನೋಡಿದ್ವಿ," ಅಂದ ಕೊನೆಗೆ. "ಬರೂ ದಾರಿ ನೋಡಿಲ್ಲ."

"ಯಾರ ಬರೂ ದಾರಿ?"

"ಕರೆಂಟಿಂದು. ಅದು ಹೋದಲ್ಲೇ ಉಳಿಯೂದಲ್ಲವಾ. ಬ್ಯಾಟರಿಯಿಂದ ಕೆಂಪ ತಂತಿ ಹಿಡದು ಹೊಂಡತೈತಿ, ಮೋಟರಿನಾಗ ದುಡೀತೈತಿ, ದುಡದು ಹೊಳ್ಳಿ ಮನಿಗೆ ಬರಬೇಕು. ಬರಾಕ ಹಾದಿ ಇಲ್ಲಂದ್ರ ಅದು ಹೊರಗ ಹೆಜ್ಜಿನ ಇಡೂದಿಲ್ಲ."

"ಹೋಗೋಕಿಂತ ಮೊದಲ ಅದಕ್ಕ ಗೊತ್ತಾಗತೈತೇನು, ಹೊಳ್ಳಿ ಬರೋ ಹಾದಿ ಇಲ್ಲ ಅಂತ?"

"ಗೊತ್ತಾಗತೈತಿ."

"ಹೆಂಗ?"

"ಅದನ್ನ ನಾ ಹೇಳಲಾರೆ. ಐವತ್ತ ವರ್ಷ ನೋಡೇನಿ, ಇನ್ನೂ ನೋಡಾಕತ್ತೇನಿ."

ಗುಡ್ಡವ್ವನ ಮೈ ಝುಮ್ಮೆಂದಿತು. ಇದೇ ತೂಕದ ಮಾತುಗಳನ್ನು ಅವಳು ಕಂಬಕ್ಕೆ ಒರಗಿ ಕೇಳಿದ್ದಳು. ಜೀವ ಎಲ್ಲಿಂದ ಬಂತು, ಎಲ್ಲಿಗೆ ಹೊರಳಬೇಕು ಎಂದು ಪುರಾಣದವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಆ ಮಾತು ಇಲ್ಲಿ, ಗೊಬ್ಬರದ ವಾಸನೆಯ ಹಸಿ ಮಣ್ಣಿನಲ್ಲಿ, ಪಾನಾ ಇಕ್ಕಳಗಳ ನಡುವೆ ಬಿದ್ದಿರುತ್ತದೆಂದು ಅವಳು ನೆನೆಸಿರಲಿಲ್ಲ.

"ಬರೂ ಹಾದಿಗೆ ತಂತಿ ಎಲ್ಲೈತಿ ಮತ್ತ?"

"ಬ್ಯಾರೆ ತಂತಿ ಇಲ್ಲ. ಎಂಜಿನ್ನಿನ ಕಬ್ಬಣದ ಮೈಯೇ ತಂತಿ. ಇಷ್ಟ ದೊಡ್ಡ ಮೈ ಪೂರಾ ಅದರ ಹಾದಿ. ಮೈಯಿಂದ ಬ್ಯಾಟರಿಗೆ ಮಾತ್ರ ಒಂದ ಕರಿ ತಂತಿ. ನೋಡೂಣು." ಅವನು ಒಂದು ಕ್ಲಿಪ್ಪನ್ನು ಬ್ಯಾಟರಿಯ ಕರಿ ತಲೆಗೆ ಹಾಕಿದ, ಇನ್ನೊಂದನ್ನು ಎಂಜಿನ್ನಿನ ಮೈಗೆ. ಬಲ್ಬು ಕತ್ತಲಾಗಿತ್ತು. "ಈ ಎರಡೂ ಒಂದ ಮನಿಯವು. ಒಂದ ಮನಿಯವರ ನಡುವ ದೀಪ ಹತ್ತಬಾರದು. ಹತ್ತಿತಂದ್ರ ಆ ಮನಿಯಾಗ ಗ್ವಾಡಿ ಎದ್ದೈತಿ ಅಂತ ಅರ್ಥ. ಸೆರಗ ಹಿಡಿ. ಚಾವಿ ತಿರುವು."

ಅವಳು ಎಡಗೈಯಲ್ಲಿ ಸೆರಗು ಹಿಡಿದು, ಬಲಗೈಯಲ್ಲಿ ಚಾವಿ ತಿರುವಿದಳು.

ಟಕ್.

ಹತ್ತಬಾರದ ದೀಪ ಹತ್ತಿತು.

ಮೊದಲು ಕೆಂಡದ ಬಣ್ಣ, ಮರುಗಳಿಗೆ ಬೆಳ್ಳಗೆ. ಚಾವಿ ಬಿಟ್ಟಳು, ಆರಿತು. ತಿರುವಿದಳು, ಹತ್ತಿತು. ಇಬ್ಬರೂ ಸೆರಗಿನ ಒಳಗೆ ತಲೆ ಹಾಕಿ ನೋಡಿದರು. ಬದುವಿನ ಬೇವಿನ ಮರದಲ್ಲಿ ಕೂತ ಗಿಳಿಗಳ ಗದ್ದಲ ಕೂಡ ದೂರವಾದಂತಿತ್ತು. ನಾಲ್ಕು ದಿನದಿಂದ ಅವಳು ಕಣ್ಣೀರು ಹಾಕಿ ಹುಡುಕಿದ್ದನ್ನು, ಕಡಲೆಕಾಳಿನಷ್ಟು ಗಾಜಿನ ಬುಡ್ಡಿ ಹಗಲ ಹೊತ್ತಿನಲ್ಲಿ ಬೆರಳು ಮಾಡಿ ತೋರಿಸುತ್ತಿತ್ತು.

"ಸಿಕ್ಕಿತು," ಯೂಸುಫಸಾಬ ಪಿಸುಗುಟ್ಟಿದ, ಮಲಗಿದ ಕೂಸನ್ನು ಎಬ್ಬಿಸಬಾರದೆನ್ನುವವನ ಹಾಗೆ. ಕರಿ ತಂತಿಯನ್ನು ಬ್ಯಾಟರಿಯಿಂದ ಬೆರಳಲ್ಲೇ ಹಿಡಿದು ಕೆಳಗೆ ಇಳಿದ. ಎಂಜಿನ್ನಿನ ಹಿಂದೆ, ತಳದಲ್ಲಿ, ಕೆಸರು ಮೆತ್ತಿದ ಒಂದು ಬೋಲ್ಟಿಗೆ ತಂತಿ ಮುಗಿದಿತ್ತು. ಕೆಸರು ಒರೆಸಿದ. ಅವನ ಹೆಬ್ಬೆರಳು ಹಳದಿಯಾಯಿತು. ಬೋಲ್ಟಿನ ತಲೆಯ ಕೆಳಗೆ, ತಂತಿಯ ಬಳೆಗೂ ಕಬ್ಬಿಣಕ್ಕೂ ನಡುವೆ, ಎಣ್ಣೆಯಲ್ಲಿ ತೊಯ್ದು ಹೆಪ್ಪುಗಟ್ಟಿದ ಕರಿ ದಾರ.

ಅವನು ಕೈ ಹಿಂದೆ ತೆಗೆದುಕೊಂಡ.

ಗುಡ್ಡವ್ವ ನೋಡಿದಳು. ನೋಡಿ ಹಾಗೇ ಮಣ್ಣಿನಲ್ಲಿ ಕುಕ್ಕರಿಸಿದಳು.

ಅವಳ ತವರಿನಲ್ಲಿ ಹೊಸದಾಗಿ ಬಂದ ಯಾವ ಸಾಮಾನಿಗೂ, ಕುಂಟೆ ಕೂರಿಗೆಯಿಂದ ಹಿಡಿದು ತೊಟ್ಟಿಲಿನವರೆಗೆ, ಕರಿ ಕಂಬಳಿಯ ಒಂದೆಳೆ ಉಣ್ಣೆದಾರ ಕಟ್ಟುತ್ತಿದ್ದರು. ಎಣ್ಣೆಯಲ್ಲಿ ಅದ್ದಿ, ದೇವರಗುಡ್ಡದಿಂದ ತಂದ ಭಂಡಾರದ ಅರಿಸಿನದಲ್ಲಿ ಹೊರಳಿಸಿ, ಮಾಲತೇಶ ದೇವರ ಹೆಸರು ಹೇಳಿ ಕಟ್ಟುವ ದಾರ. ಅಮಾವಾಸ್ಯೆಗೆ ಹೊಸ ಎಳೆ. ಮಷೀನಿಗೂ ಕಟ್ಟಿದಳು, ಹಿಡಿಕೆಗೆ. ಆದರೆ ಕುಂಟೆ ನಡುಗುವುದಿಲ್ಲ, ಮಷೀನು ನಡುಗುತ್ತದೆ. ದಾರ ಜಾರಿ ಜಾರಿ ಬೀಳುತ್ತಿತ್ತು. ಯುಗಾದಿಗೆ ಮೊದಲು ಒಂದು ದಿನ ಸಾಲಿನಲ್ಲಿ ಬಿದ್ದ ದಾರವನ್ನು ತಾನೇ ತುಳಿದದ್ದು ಗೊತ್ತಾಗಿ ಅಂದು ಊಟ ಸೇರಲಿಲ್ಲ. ಬೀಳದ ಜಾಗ ಹುಡುಕಿದಳು. ಎಲ್ಲ ಕಡೆ ಏನೋ ಒಂದು ತಿರುಗುತ್ತಿತ್ತು, ಕಾಯುತ್ತಿತ್ತು, ಅಲುಗುತ್ತಿತ್ತು. ಇದೊಂದು ಬೋಲ್ಟು ಮಾತ್ರ ಯಾರ ಗೊಡವೆಗೂ ಹೋಗದೆ ಹಿಂದೆ ಕೂತಿತ್ತು. ಒಂದು ಕರಿ ತಂತಿ ಬಂದು ಅದರ ಕಾಲಬಳಿ ಮುಗಿಯುತ್ತಿತ್ತು, ಅಷ್ಟೇ. ಪಾನಾ ತಂದು ಸಡಿಲಿಸಿ, ತಂತಿಯ ಬಳೆಯ ಕೆಳಗೆ ದಾರ ಎರಡು ಸುತ್ತು ಸುತ್ತಿ ಬಿಗಿದಳು. ಅಮಾವಾಸ್ಯೆಗೊಂದು ಎಳೆ, ಹಳೆಯದರ ಮೇಲೆ ಹೊಸದು. ಒಂದೂ ಬೀಳಲಿಲ್ಲ.

ಇದನ್ನೆಲ್ಲ ಅವಳು ತಡವರಿಸಿ ಹೇಳಿದಳು. "ಅದು ಸುಮ್ಮನ ಕುಂತೈತಿ ಅಂತ ತಿಳಕೊಂಡ್ನಿರಿ."

ಯೂಸುಫಸಾಬ ನಗಲಿಲ್ಲ. "ಸುಮ್ಮನ ಕುಂತಿರಲಿಲ್ಲವಾ. ಮಷೀನಿನಾಗ ಹೊಂಟಿದ್ದೆಲ್ಲಾ ಹೊಳ್ಳಿ ಮನಿಗೆ ಬರೂದು ಇದನ್ನ ದಾಟೇ."

"ದೇವರ ದಾರ ಅಡ್ಡ ಬಂತೇನು ಮತ್ತ?"

"ದೇವರ ಅಡ್ಡ ಬರಲಿಲ್ಲ, ಉಣ್ಣಿ ಅಡ್ಡ ಬಂತು. ಉಣ್ಣಿಗುಣ ಅದು. ಚಳಿ ತಡೀತೈತಿ, ಮಳಿ ತಡೀತೈತಿ, ಇದನ್ನೂ ತಡೀತು. ಮ್ಯಾಲೆ ಎಣ್ಣಿ ಬ್ಯಾರೆ. ಒಂದ ಎಳಿ ಇದ್ದಾಗ ಸಂದಿಯಾಗ ಹಾಯ್ತು. ಎರಡ ಆದಾಗ ಏದುಸಿರ ಬಿಡ್ತು. ನೀನ ಹೇಳಿದೆಲ್ಲ, ಅಮಾಸಿಗೊಂದ ಹೆಜ್ಜಿ ಕಡಿಮಿ ಅಂತ. ನಿನ್ನ ಕಿವಿ ಮೊದಲ ಹೇಳಿತ್ತು. ನಾ ದೀಪ ಹಚ್ಚಿ ನೋಡಿದೆ, ಅಷ್ಟ."

ಪಾನಾ ಅವಳ ಮುಂದೆ ಇಟ್ಟ. "ನೀ ಕಟ್ಟಿದ್ದು, ನೀನ ಬಿಚ್ಚಿದ್ರ ಚೊಲೋ," ಎಂದು ಹೇಳಿ ಎದ್ದು ಹೋಗಿ, ಬೇವಿನ ಮರದ ಕಡೆ ಮುಖ ಮಾಡಿ ನಿಂತ.

ಎಡಗೈಯಲ್ಲಿ ಪಾನಾ ಹಾಕಿ, ಬಲಗೈಯಿಂದ ಎಡಗೈ ಒತ್ತಿ, ಗುಡ್ಡವ್ವ ಬೋಲ್ಟು ಸಡಿಲಿಸಿದಳು. ಬಾಯಲ್ಲಿ ಅಪ್ಪನಿಂದ ಕಲಿತ ಒಂದು ದೇವರ ಹಾಡು ತಾನಾಗಿ ಬಂತು. ಅದು ಮುಗಿದ ಮೇಲೆ ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯ ಎಳೆ, ಎಲ್ಲಕ್ಕೂ ಕೆಳಗಿನದು, ಕಬ್ಬಿಣಕ್ಕೆ ಅಂಟಿ ಚಪ್ಪಟೆಯಾಗಿತ್ತು. ಉಗುರಿನಿಂದ ಬಿಡಿಸಿದಳು. ಐದನ್ನೂ ಕಣ್ಣಿಗೆ ಒತ್ತಿ ಉಡಿಯಲ್ಲಿ ಕಟ್ಟಿಕೊಂಡಳು. ಸಿಡಿಲು ಬೀಳಲಿಲ್ಲ. ಬೇವಿನ ಗಿಳಿಗಳು ತಮ್ಮ ಜಗಳ ಬಿಡಲಿಲ್ಲ.

ಯೂಸುಫಸಾಬ ಬಂದು ಪಾಲಿಶ್ ಕಾಗದದಿಂದ ಉಜ್ಜಿದ. ಹಳದಿ ಹೋಯಿತು, ಕರಿ ಹೋಯಿತು, ತುಕ್ಕು ಹೋಯಿತು. ಕಬ್ಬಿಣದ ಕೆಳಗಿಂದ ಬೆಳ್ಳಿಯಂಥ ಕಬ್ಬಿಣ ಎದ್ದು ಬಂತು. ತಂತಿಯ ಬಳೆಯನ್ನೂ ಹಾಗೇ ಉಜ್ಜಿ, ಬೋಲ್ಟು ಬಿಗಿದ.

"ಇನ್ನ ಮುಂದ ಅಮಾಸಿಗೆ ಎಲ್ಲಿ ಕಟ್ಟಲಿ?"

"ಹಿಡಿಕಿಗೆ ಕಟ್ಟವಾ."

"ಬಿದ್ದ ಹೋಗತೈತ್ರಿ."

"ಬಿದ್ರ ಮತ್ತ ಕಟ್ಟು. ಬೀಳೋದಕ್ಕೆಲ್ಲಾ ಮ್ಯಾಲಿದ್ದಾವ ಸಿಟ್ಟಾಗಿದ್ರ ನಾ, ನೀ, ನಿಮ್ಮಪ್ಪ ತಿರಕಪ್ಪ, ಯಾರರ ಉಳೀತಿದ್ವೇನು?"

ಅವಳಿಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು.

"ತಿರುವು," ಅಂದ ಅವನು. "ನಾ ಮುಟ್ಟೂದಿಲ್ಲ."

ಚಾವಿ ಅದೇ, ಬೆರಳು ಅವೇ. ತಿರುವಿದಳು. ಟಕ್ಕಿನ ಬೆನ್ನಿಗೇ, ಸಂದಿಲ್ಲದೆ, ಸಣ್ಣ ಮೋಟರು ಗ್ರ್ರ್ ಎಂದು ಎದ್ದು ದೊಡ್ಡದನ್ನು ಹಿಡಿದು ಅಲುಗಿಸಿತು. ದೊಡ್ಡದು ಒಂದು ಸಲ ಕೆಮ್ಮಿ, ಹೊಗೆ ಉಗುಳಿ, ತನ್ನ ಗಟ್ಟಿ ದನಿಯಲ್ಲಿ ಹಾಡತೊಡಗಿತು. ಅಂಗಾಲ ಕೆಳಗಿನ ನೆಲ ನಡುಗಿತು. ಗುಡ್ಡವ್ವ ಹಿಡಿಕೆ ಹಿಡಿಯಲಿಲ್ಲ. ಎರಡೂ ಅಂಗೈಗಳನ್ನು ಎಂಜಿನ್ನಿನ ಪಕ್ಕದ ಕಬ್ಬಿಣದ ಚೌಕಟ್ಟಿನ ಮೇಲೆ ಇಟ್ಟು ನಿಂತಳು. ಈ ಮೈಯೊಳಗೇ, ಈ ಕಬ್ಬಿಣದ ಒಳ ಒಳಗೇ, ಯಾರೂ ಕಾಣದ ಹಾಗೆ, ಅದು ಹೋಗಿ ದುಡಿದು ಮನೆಗೆ ಹೊರಳಿತ್ತು. ಹೊರಳಿದ ಸದ್ದು ಇಲ್ಲ, ಹೆಜ್ಜೆಯ ಗುರುತು ಇಲ್ಲ. ಐದು ಅಮಾವಾಸ್ಯೆಗಳಲ್ಲಿ ಅವಳು ಅದರ ಹೊಸ್ತಿಲ ಮೇಲೆ ಗೋಡೆ ಕಟ್ಟಿದ್ದಳು, ಭಕ್ತಿಯಿಂದಲೇ ಕಟ್ಟಿದ್ದಳು. ಗೋಡೆ ತೆಗೆದ ಮರುಗಳಿಗೆ ಒಂದು ಮಾತೂ ಆಡದೆ ಅದು ನಡೆದು ಬಂದಿತ್ತು. ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳುವುದು ಮರೆಯಿತು.

ಬಂದ್ ಮಾಡಿದಳು. ಮತ್ತೆ ತಿರುವಿದಳು, ಎದ್ದಿತು. ಮತ್ತೊಮ್ಮೆ ಬಂದ್ ಮಾಡಿದಳು.

"ಸಾಕಲ್ಲವಾ," ಅಂದ ಯೂಸುಫಸಾಬ, "ಪೆಟ್ರೋಲ್ ಮುಗದೀತು."

"ಕೇಳೂಣು ಅನಸತೈತ್ರಿ."

"ಕೇಳು ಹಂಗಾರ." ಅವನೂ ನಿಂತು ಕೇಳಿದ. ಮೂರನೆಯ ಸಲ ಎದ್ದಾಗ ಕಿವಿಯ ಬೀಡಿ ತೆಗೆದು ಹಚ್ಚಿದ.

ಅವನು ಹೋದ ಮೇಲೆ ಗುಡ್ಡವ್ವ ಸಾಲು ಹಿಡಿದಳು. ಅಲಗುಗಳು ಜೇಕನ್ನು ಬುಡಸಮೇತ ಕಿತ್ತು ಮಣ್ಣಿಗೆ ತಿರುವಿದವು. ಎರಡೂ ಬದಿಗೆ ಮೆಣಸಿನ ಗಿಡಗಳು ತಲೆ ಒದರಿ ನಿಂತವು. ಸಾಲಿನ ಕೊನೆಗೆ ಮಣ್ಣು ಸುತ್ತಿ ಎಂಜಿನ್ ನಿಂತಾಗ ಕೋಲಿನಿಂದ ಮಣ್ಣು ಕೆದರಿ, ಚಾವಿ ತಿರುವಿದಳು. ಏಳುತ್ತಿತ್ತು. ಎಷ್ಟು ಸಲ ನಿಂತಿತೋ ಅಷ್ಟು ಸಲ ಎದ್ದಿತು. ಊಟದ ಹೊತ್ತು ಬಂದು ಹೋಯಿತು, ಬುತ್ತಿಗಂಟು ಬಿಚ್ಚಲಿಲ್ಲ. ಮುಕ್ಕಾಲು ಹೊಲ ಮುಗಿಯುವಾಗ ಹೊತ್ತು ಬೇವಿನ ಮರದ ಮಟ್ಟಕ್ಕೆ ಇಳಿದಿತ್ತು. ಉಳಿದದ್ದು ಹನ್ನೆರಡು ಸಾಲು, ನಾಳೆ ಹತ್ತರೊಳಗೆ ಧಾರಾಳ ಆಗುವಷ್ಟು.

ಮಾಲತೇಶಪ್ಪ ಬದು ದಾಟಿ ಬಂದ. ಹರಗಿದ ಸಾಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಚುಕಿದ. ಬಾಯಿ ತೆರೆದು ಏನೋ ಅಂದ, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಗುಡ್ಡವ್ವ ಚಾವಿಗೆ ಕೈ ಹಾಕಿದಳು.

"ಬಂದ್ ಮಾಡಬ್ಯಾಡ್ರಿ ಅತ್ತಿಗೀ," ಅವನು ಗಾಬರಿಯಾಗಿ ಕೂಗಿದ, "ಮತ್ತ ಏಳಲಿಲ್ಲಂದ್ರ?"

ಅವಳು ಬಂದ್ ಮಾಡಿದಳು.

"ಹೇಳು. ನೀ ಏನಂತಿ ಅದನ್ನ ಪೂರಾ ಕೇಳಬೇಕು."

ಅವನು ಮಣ್ಣು ಕೊಡವಿದ. "ಖರೇ ಹೇಳತೇನಿ, ಇಷ್ಟ ಆದೀತಂತ ತಿಳದಿರಲಿಲ್ಲ. ಹೊಲಾ ಕಸಕ್ಕ ಬಿಟ್ಟಿಲ್ಲ ನೀವು, ಒಪ್ಪಿದೆ. ಹತ್ತ ಮಂದಿ ಮುಂದ ಆಡಿದ ಮಾತು ತೀರಿತು. ಈಗ ಮಾತಿನ ಹಂಗಿಲ್ಲದ ಕೇಳತೇನಿ, ತಮ್ಮ ಅಂತ ತಿಳೀರಿ." ಒಂದು ಹೆಜ್ಜೆ ಹತ್ತಿರ ಬಂದ. "ಈ ವರ್ಷ ಮಷೀನ ಎದ್ದಿತು, ಬರೋ ವರ್ಷ ಹೆಗಲ ಎದ್ದೀತೇನು? ನಿಮ್ಮದು ಸೇರದಿದ್ರ ನನ್ನ ಪ್ಲಾಟೂ ಆಗೂದಿಲ್ಲ, ಅವರಿಗೆ ಐದ ಎಕರೆನ ಬೇಕು. ನಾಳಿ ಅಳೀಲಿ. ಈ ಬೆಳಿ ನೀವ ತಕ್ಕೋರಿ, ಮುಂದಿನ ಹಂಗಾಮಿಂದ ಕೊಡ್ರಿ. ಕ್ರಾಸಿಂಗಿನ ಹೆಣ್ಣಾಳ ಮ್ಯಾಲೆ ನಿಮ್ಮನ್ನ ಮೇಸ್ತ್ರಿ ಮಾಡಸ್ತೇನಿ. ನೆರಳಾಗ ಕುಂದ್ರೂ ಕೆಲಸ. ಒಂದ ಮಾತು, ಹೂಂ ಅನ್ರಿ ಸಾಕು."

ಅವನು ಪ್ರೀತಿಯಿಂದಲೇ ಕೇಳುತ್ತಿದ್ದ. ದನಿಯಲ್ಲಿ ಸುಳ್ಳು ಇರಲಿಲ್ಲ; ಇದ್ದಿದ್ದರೆ ಅವಳ ಕಿವಿಗೆ ತಿಳಿಯುತ್ತಿತ್ತು. ಅವನ ಮಾತನ್ನು ಅವಳು ಪೂರಾ ಕೇಳಿದಳು.

"ಇಲ್ಲ ಮಾಲತೇಶಪ್ಪ," ಅಂದಳು ಗುಡ್ಡವ್ವ. "ಹೊಲಾ ಕೊಡಂಗಿಲ್ಲ."